ಮೂರು ಲಾಗ್, ಒಂದೇ ಫೈಲ್: ಅದು ತಾನಾಗಿ ತುಂಬುತ್ತಾ ಇರಬೇಕಾದರೆ

ಪ್ರಶ್ನೆ: ಸರ್, ಮಲ್ಪೆ ಬಂದರಿನ ಹತ್ತಿರ ಒಂದು ಮೀನು ವ್ಯಾಪಾರದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಒಂದು ಉಬುಂಟು (ಲಿನಕ್ಸ್) ಸರ್ವರ್ ಇದೆ. ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನದೇ ಲಾಗ್ (ಯಾವಾಗ ಏನಾಯಿತು ಎಂಬ ದಾಖಲೆಯ ಫೈಲ್) ಬರೆಯುತ್ತದೆ. ಕೋಲ್ಡ್ ಸ್ಟೋರೇಜಿನ ಉಷ್ಣತೆ ಓದುವ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನದ್ದು ಇನ್ನೊಂದು. ರಾತ್ರಿ ಓಡುವ ಬ್ಯಾಕಪ್ ಸ್ಕ್ರಿಪ್ಟಿನದ್ದು ಮತ್ತೊಂದು. ಏನಾದರೂ ತೊಂದರೆ ಆದರೆ ಧಣಿಗಳು "ಮೊದಲು ನಿಂತದ್ದು ಯಾವುದು?" ಎಂದು ಕೇಳುತ್ತಾರೆ. ಮೂರು ಫೈಲ್ ತೆರೆದು ಸಮಯ ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೂರೂ ಸೇರಿದ ಒಂದು ಫೈಲ್ ಮಾಡೋಣ ಎಂದು, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ನಿಮಿಷಕ್ಕೊಮ್ಮೆ, ಫೈಲನ್ನು ಇಡಿಯಾಗಿ ಓದಿ ಕೊಡುವ ಕ್ಯಾಟ್ ಕಮಾಂಡ್ ಹಾಕಿದೆ. ಡಿಸ್ಕ್ ತುಂಬಿಹೋಯಿತು. ಆಮೇಲೆ ಹೊಸ ಸಾಲು ಬಂದಂತೆ ತೋರಿಸುವ ‘ಟೈಲ್ -ಎಫ್’ ಹಾಕಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ನೋಡಿದರೆ ಒಂದು ಮಧ್ಯರಾತ್ರಿಯಿಂದ ಬಿಲ್ಲಿಂಗಿನ ಒಂದು ಸಾಲೂ ಇಲ್ಲ. ಸರಿಯಾದ ದಾರಿ ಯಾವುದು?

ಉತ್ತರ: ಎರಡು ಸಲವೂ ಕೈಕೊಟ್ಟದ್ದು ಬೇರೆ ಬೇರೆ ಕಾರಣಕ್ಕೆ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಕ್ಯಾಟ್‌ನ ಕಥೆ ಸರಳ. ಯಾವುದು ಹೊಸ ಸಾಲು, ಯಾವುದು ಹಳೆಯದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಪ್ರತಿ ನಿಮಿಷವೂ ಮೂರು ಫೈಲನ್ನು ಮೊದಲಿನಿಂದ ಓದುತ್ತದೆ. ನೀವು >> ಹಾಕಿದ್ದರಿಂದ ಅಷ್ಟನ್ನೂ ಮತ್ತೆ ಕೆಳಗೆ ಸೇರಿಸುತ್ತದೆ. ದಿನಕ್ಕೆ 1440 ನಿಮಿಷ. ಲಾಗ್ ಬರೀ 1 ಎಂಬಿ ಇದ್ದರೂ ಒಂದೇ ದಿನಕ್ಕೆ 1.4 ಜಿಬಿ ಆಯಿತಲ್ವಾ. ಒಂಟಿ > ಹಾಕಿದ್ದರೆ ಪ್ರತಿ ಸಲ ಹಳೆಯದು ಅಳಿಸಿಹೋಗಿ ಫೈಲ್ ಉಬ್ಬುತ್ತಿರಲಿಲ್ಲ. ಆದರೆ ಇಡೀ ಬಿಲ್ಲಿಂಗ್ ಮೇಲೆ, ಇಡೀ ಉಷ್ಣತೆ ಅದರ ಕೆಳಗೆ, ಬ್ಯಾಕಪ್ ತಳದಲ್ಲಿ. ಧಣಿಗಳ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಟೈಲ್ ನಿಂತದ್ದಕ್ಕೆ ಕಾರಣ, ಹಳೆಯ ಲಾಗನ್ನು ಬದಿಗಿಟ್ಟು ಹೊಸದನ್ನು ಶುರುಮಾಡುವ ಲಾಗ್‌ರೋಟೇಟ್. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಫೈಲಿನ ನಿಜವಾದ ಗುರುತು ಐನೋಡ್ ಎಂಬ ಒಂದು ಸಂಖ್ಯೆ. ಮಧ್ಯರಾತ್ರಿ ಲಾಗ್‌ರೋಟೇಟ್ ಹಳೆಯ ಬಿಲ್ಲಿಂಗ್ ಲಾಗಿನ ಹೆಸರು ಬದಲಿಸಿ ಕೊನೆಗೆ .1 ಸೇರಿಸಿತು. ಹಳೆಯ ಹೆಸರಿನಲ್ಲಿ ಹೊಸ ಖಾಲಿ ಫೈಲ್ ಮಾಡಿತು. ನೀವು ಕೊಟ್ಟದ್ದು ಚಿಕ್ಕಕ್ಷರದ ‘-ಎಫ್’. ಅದು ತೆರೆದಿಟ್ಟ ಫೈಲನ್ನೇ ಹಿಡಿದುಕೊಳ್ಳುತ್ತದೆ, ಹೆಸರನ್ನಲ್ಲ. ಹಾಗಾಗಿ ಯಾರೂ ಬರೆಯದ .1 ಫೈಲಿನ ಬಾಯಿ ನೋಡುತ್ತಾ ಕೂತಿದೆ. ಎರರ್ ಇಲ್ಲ, ಪ್ರೋಸೆಸ್ ಸತ್ತಿಲ್ಲ, ಓಡುತ್ತಿರುವುದನ್ನು ಪಟ್ಟಿ ಮಾಡುವ ಪಿಎಸ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ದೊಡ್ಡಕ್ಷರದ ‘-ಎಫ್’ ಕೊಟ್ಟರೆ ಟೈಲ್ ಹೆಸರನ್ನು ಹಿಂಬಾಲಿಸುತ್ತದೆ. ಫೈಲ್ ಬದಲಾದರೆ ಹೊಸದನ್ನು ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ಬರುವವರೆಗೆ ಕಾಯುತ್ತದೆ. ಒಂದು ಅಕ್ಷರ ಚಿಕ್ಕದಿತ್ತು, ಅಷ್ಟೇ.

ಹಾಗಾದರೆ ದೊಡ್ಡ ಎಫ್ ಹಾಕಿ ಮುಗಿಸಬಹುದಾ? ಕಣ್ಣಿನಿಂದ ನೋಡುತ್ತಾ ಕೂರುವುದಕ್ಕೆ ಸಾಕು. ವರ್ಷಗಟ್ಟಲೆ ಇರಬೇಕಾದ ಫೈಲಿಗೆ ಸಾಲದು. ಟೈಲ್‌ಗೆ ನೆನಪಿಲ್ಲ, ತೊಂದರೆ ಇರುವುದು ಅಲ್ಲಿ. ಸರ್ವರ್ ರೀಬೂಟ್ ಆಯಿತು ಎಂದಿಟ್ಟುಕೊಳ್ಳಿ. ಟೈಲ್ ಮತ್ತೆ ಶುರುವಾದಾಗ ಪ್ರತಿ ಫೈಲಿನ ಕೊನೆಯ 10 ಸಾಲು ತೋರಿಸುತ್ತದೆ, ಅದು ಅದರ ಅಭ್ಯಾಸ. ಆ ಸಾಲುಗಳು ಒಟ್ಟು ಫೈಲಿನಲ್ಲಿ ಆಗಲೇ ಇದ್ದರೆ ಎರಡೆರಡು ಸಲ ಬಂದವು. ‘-ಎನ್ 0’ ಕೊಟ್ಟರೆ ಹಳೆಯದು ಬರುವುದಿಲ್ಲ, ಆದರೆ ಟೈಲ್ ಏಳುವ ಮೊದಲು ಬಿಲ್ಲಿಂಗ್ ಬರೆದ ಸಾಲುಗಳು ಹೋದವು. ಮೇ ತಿಂಗಳ ಗುಡುಗು, ಮಳೆಗಾಲದ ಕರೆಂಟ್ ನೋಡಿದವರಿಗೆ ಇದು ಅಪರೂಪದ ಸಂಗತಿ ಅಂತ ಅನಿಸುವುದಿಲ್ಲ. ಮತ್ತೆ, ಧಣಿಗಳು ಕೇಳುವುದೇ ಆ ಹೊತ್ತಿನ ಸಾಲುಗಳನ್ನು.

ಹಾಗಾಗಿ ಯಾವ ಉಪಕರಣ ಆರಿಸಿದರೂ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಎಲ್ಲಿಯವರೆಗೆ ಓದಿದ್ದೇನೆ ಎಂದು ಇದು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತದಾ? ಅಂತಹದ್ದು ಉಬುಂಟುವಿನಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಹೆಸರು ಆರ್‌ಸಿಸ್‌ಲಾಗ್. 2004ರಿಂದ ಬೆಳೆದುಬಂದ ಹಳೆಯ ಗಟ್ಟಿ ಸಾಫ್ಟ್‌ವೇರ್. ಅದರಲ್ಲಿ ಐಎಮ್‌ಫೈಲ್ ಎಂಬ ಮಾಡ್ಯೂಲ್ ಇದೆ. ಯಾವುದೇ ಸಾದಾ ಫೈಲನ್ನು ಕಾಯ್ದು, ಬಂದ ಸಾಲನ್ನು ಎತ್ತಿಕೊಂಡು, ಓದಿದ ಜಾಗವನ್ನು ಒಂದು ಸ್ಟೇಟ್ ಫೈಲಿನಲ್ಲಿ ಗುರುತು ಹಾಕಿಡುವುದು ಅದರ ಕೆಲಸ. ನಿಮಗೆ ನಾನು ಹೇಳುವುದು ಇದನ್ನೇ. ಇದಕ್ಕಿಂತ ದೊಡ್ಡ, ಡ್ಯಾಶ್‌ಬೋರ್ಡ್ ಇರುವ ಏರ್ಪಾಡುಗಳು ಬೇಕಾದಷ್ಟಿವೆ. ಮೂರು ಲಾಗಿಗೆ ಅದೆಲ್ಲ ಯಾಕೆ? ಅವುಗಳನ್ನು ನೋಡಿಕೊಳ್ಳುವುದೇ ಇನ್ನೊಂದು ಕೆಲಸ ಆಗುತ್ತದೆ.

ಆರ್‌ಸಿಸ್‌ಲಾಗಿನ ಕಾನ್ಫಿಗ್ ಡೈರೆಕ್ಟರಿಯಲ್ಲಿ ನಿಮ್ಮದೇ ಒಂದು ಫೈಲ್ ಮಾಡಿ. ಅದರಲ್ಲಿ ಐಎಮ್‌ಫೈಲನ್ನು ಲೋಡ್ ಮಾಡಿ. ಬಿಲ್ಲಿಂಗ್ ಲಾಗಿಗೆ ಒಂದು ಇನ್‌ಪುಟ್, ಬ್ಯಾಕಪ್ ಲಾಗಿಗೆ ಒಂದು ಇನ್‌ಪುಟ್. ಪ್ರತಿಯೊಂದಕ್ಕೂ ಬೇರೆ ಟ್ಯಾಗ್ ಕೊಡಿ, ಇಲ್ಲದಿದ್ದರೆ ಒಟ್ಟು ಫೈಲಿನಲ್ಲಿ ಯಾವ ಸಾಲು ಯಾರದ್ದು ಎಂದೇ ತಿಳಿಯುವುದಿಲ್ಲ. ಎರಡನ್ನೂ, ಬಂದ ಸಾಲನ್ನು ಏನು ಮಾಡಬೇಕೆಂದು ಹೇಳುವ ಒಂದು ಪ್ರತ್ಯೇಕ ರೂಲ್‌ಸೆಟ್‌ಗೆ ಕಟ್ಟಿ. ಆ ರೂಲ್‌ಸೆಟ್ಟಿನ ಕೆಲಸ ಒಟ್ಟು ಫೈಲಿಗೆ ಬರೆಯುವುದು ಮಾತ್ರ. ರೂಲ್‌ಸೆಟ್ ಬೇರೆ ಮಾಡದಿದ್ದರೆ ಇದೇ ಸಾಲುಗಳು ಸಿಸ್ಟಂನ ಸಿಸ್‌ಲಾಗ್ ಫೈಲಿಗೂ ಹೋಗುತ್ತವೆ. ಒಂದೇ ಸಾಲು ಮೂರು ಕಡೆ ಆಗುತ್ತದೆ. ಬರೆದಾದ ಮೇಲೆ ‘ಆರ್‌ಸಿಸ್‌ಲಾಗ್‌ಡಿ -ಎನ್1’ (ಎನ್ ದೊಡ್ಡಕ್ಷರ) ಓಡಿಸಿದರೆ ಕಾನ್ಫಿಗ್‌ನಲ್ಲಿ ತಪ್ಪಿದ್ದರೆ ಹೇಳುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿ.

ಇಲ್ಲಿ ಒಂದು ಸೆಟ್ಟಿಂಗ್ ನಮ್ಮ ಕರಾವಳಿಗೆಂದೇ ಮಾಡಿದ ಹಾಗಿದೆ: ಪರ್ಸಿಸ್ಟ್ ಸ್ಟೇಟ್ ಇಂಟರ್ವಲ್. ಇದು ಮೊದಲಿಗೆ 0 ಇರುತ್ತದೆ. ಅಂದರೆ ಓದಿದ ಜಾಗದ ಗುರುತನ್ನು ಫೈಲ್ ಮುಚ್ಚುವಾಗ, ಆರ್‌ಸಿಸ್‌ಲಾಗ್ ಮರ್ಯಾದೆಯಿಂದ ನಿಲ್ಲುವಾಗ ಬರೆದರೆ ಸಾಕು ಎಂದು ಲೆಕ್ಕ. ಯುಪಿಎಸ್ ಬ್ಯಾಟರಿ ಮುಗಿದು ಸರ್ವರ್ ಧಡಕ್ಕನೆ ಆಫ್ ಆದರೆ ಬರೆಯುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಮತ್ತೆ ಆನ್ ಆದಾಗ ಹಳೆಯ ಗುರುತಿನಿಂದ ಓದುತ್ತದೆ, ನೂರಾರು ಸಾಲು ಇನ್ನೊಮ್ಮೆ ಬೀಳುತ್ತವೆ. ಇದನ್ನು 10 ಎಂದು ಇಡಿ. ಹತ್ತು ಸಾಲಿಗೊಮ್ಮೆಯಾದರೂ ಗುರುತು ಬರೆಯುತ್ತದೆ. ತೀರಾ ಕಡಿಮೆ ಇಟ್ಟರೆ ವೇಗ ತಗ್ಗುತ್ತದೆ ಎಂಬ ಎಚ್ಚರಿಕೆ ಅದರ ಕೈಪಿಡಿಯಲ್ಲೇ ಇದೆ. ಆದರೆ ಸೆಕೆಂಡಿಗೆ ಸಾವಿರಾರು ಸಾಲು ಬರುವ ಜಾಗಕ್ಕೆ ಅದು. ಬೆಳಗಿನ ಏಲಂ ಜೋರಿದ್ದಾಗಲೂ ನಿಮ್ಮ ಬಿಲ್ಲಿಂಗ್ ಅಷ್ಟು ಬರೆಯುವುದಿಲ್ಲ.

ಬಿಲ್ಲಿಂಗ್ ಸಾಫ್ಟ್‌ವೇರ್ ಜಾವಾದ್ದಾದರೆ ಒಂದು ಎರರ್ ಬಂದಾಗ ಇಪ್ಪತ್ತು ಸಾಲು ಒಟ್ಟಿಗೆ ಸುರಿಯುತ್ತದೆ. ಮಧ್ಯದಲ್ಲಿ ಉಷ್ಣತೆಯ ಸಾಲು ನುಗ್ಗಿದರೆ ಓದುವ ಹಾಗಿರುವುದಿಲ್ಲ. ಅದಕ್ಕೆ ಸ್ಟಾರ್ಟ್ ಮೆಸೇಜ್ ರೆಜೆಕ್ಸ್ ಎಂಬ ಆಯ್ಕೆ ಇದೆ. "ದಿನಾಂಕದಿಂದ ಶುರುವಾಗುವ ಸಾಲು ಬಂದರೆ ಮಾತ್ರ ಹೊಸ ಸಂದೇಶ" ಎಂದು ಹೇಳಿದರೆ ಉಳಿದ ಸಾಲುಗಳನ್ನು ಹಿಂದಿನದಕ್ಕೇ ಅಂಟಿಸುತ್ತದೆ. ಇದನ್ನು ಹಾಕಿದರೆ ರೀಡ್ ಟೈಮ್‌ಔಟ್ ಕೂಡ ಹಾಕಲೇಬೇಕು, 5 ಸೆಕೆಂಡ್ ಸಾಕು. ಇಲ್ಲದಿದ್ದರೆ ಮುಂದಿನ ಸಂದೇಶ ಶುರುವಾಗುವವರೆಗೆ ಕೊನೆಯದ್ದನ್ನು ಕೈಯಲ್ಲೇ ಹಿಡಿದುಕೊಂಡಿರುತ್ತದೆ. ಸಾಫ್ಟ್‌ವೇರ್ ಎರರ್ ಬರೆದು ಸತ್ತೇಹೋದರೆ ಮುಂದಿನ ಸಂದೇಶ ಬರುವುದೇ ಇಲ್ಲ. ನೀವು ಹುಡುಕುವ ಕೊನೆಯ ಮಾತೇ ಒಟ್ಟು ಫೈಲಿನಲ್ಲಿ ಕಾಣುವುದಿಲ್ಲ.

ಅನುಮತಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡುವುದಿಲ್ಲ, ಸಿಸ್‌ಲಾಗ್ ಎಂಬ ಯೂಸರ್ ಆಗಿ ಓಡುತ್ತದೆ. ಬಿಲ್ಲಿಂಗ್ ಲಾಗನ್ನು ಆ ಯೂಸರ್ ಓದುವ ಹಾಗಿರಬೇಕು. ಹೊಸ ಉಬುಂಟುಗಳಲ್ಲಿ, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಎಂದು ಕಾಯುವ ಆಪ್‌ಆರ್ಮರ್ ಕೂಡ ಅಡ್ಡ ನಿಲ್ಲುತ್ತದೆ. ಲಾಗ್ ಯಾರದ್ದೋ ಹೋಂ ಡೈರೆಕ್ಟರಿಯಲ್ಲಿದ್ದರೆ ಅನುಮತಿ ಸರಿ ಇದ್ದರೂ ಓದಲು ಬಿಡುವುದಿಲ್ಲ. ಸಾಧ್ಯವಾದರೆ ಲಾಗ್‌ಗಳನ್ನು ಸಿಸ್ಟಂನ ಲಾಗ್ ಡೈರೆಕ್ಟರಿಯ ಕೆಳಗೇ ಇಡಿ.

ಈಗ ರಾಸ್‌ಬೆರಿ ಪೈ. ಅದರ ಲಾಗ್ ಇರುವುದು ಬೇರೆ ಯಂತ್ರದಲ್ಲಿ. ನೆಟ್‌ವರ್ಕ್ ಮೂಲಕ ಬೇರೆ ಯಂತ್ರದ ಫೈಲ್ ತೋರಿಸುವ ಎನ್‌ಎಫ್‌ಎಸ್‌ನಲ್ಲಿ ಮೌಂಟ್ ಮಾಡಿ ಸರ್ವರಿನಿಂದಲೇ ಓದಿದರಾಯಿತು ಅನಿಸುತ್ತದೆ. ಬೇಡ. ಫೈಲ್ ಬದಲಾಯಿತು ಎಂದು ತಿಳಿಸುವುದು ಕರ್ನೆಲ್‌ನ ಐನೋಟಿಫೈ ಎಂಬ ಏರ್ಪಾಡು. ಅದು ಈ ಯಂತ್ರದಲ್ಲಿ ಆದ ಬದಲಾವಣೆಯನ್ನು ಮಾತ್ರ ಹೇಳುತ್ತದೆ. ಪೈ ಆ ಕಡೆ ಬರೆದದ್ದು ಈ ಕಡೆಯ ಐನೋಟಿಫೈಗೆ ಕೇಳಿಸುವುದಿಲ್ಲ. ಅದರ ಬದಲು ಪೈ ತಾನೇ ಕಳಿಸಲಿ. ಪೈಯಲ್ಲೂ ಆರ್‌ಸಿಸ್‌ಲಾಗ್ ಹಾಕಿ, ಹೊಸ ಓಎಸ್‌ನಲ್ಲಿ ಅದನ್ನು ನೀವೇ ಇನ್‌ಸ್ಟಾಲ್ ಮಾಡಬೇಕಾಗಬಹುದು. ಉಷ್ಣತೆ ಓದುವ ಸ್ಕ್ರಿಪ್ಟ್ ಫೈಲಿಗೆ ಬರೆಯುವುದರ ಜೊತೆಗೆ, ಆರ್‌ಸಿಸ್‌ಲಾಗ್‌ಗೆ ಸಾಲು ಮುಟ್ಟಿಸುವ ‘ಲಾಗರ್’ ಕಮಾಂಡಿಗೂ ಒಂದು ಸಾಲು ಕೊಡಲಿ. ಅದು ಟಿಸಿಪಿಯಲ್ಲಿ ಸರ್ವರಿನ 514ನೇ ಪೋರ್ಟಿಗೆ ಬರಲಿ. ಸರ್ವರ್ ಕಡೆ ಆ ಪೋರ್ಟನ್ನೂ ಅದೇ ರೂಲ್‌ಸೆಟ್‌ಗೆ ಕಟ್ಟಿ. ಫೈರ್‌ವಾಲ್‌ನಲ್ಲಿ ಪೈಯ ವಿಳಾಸಕ್ಕೆ ಮಾತ್ರ ಬಾಗಿಲು ತೆರೆಯಿರಿ. ಯುಡಿಪಿ ಬೇಡ, ದಾರಿಯಲ್ಲಿ ಸಾಲು ಬಿದ್ದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಪೈ ಕಡೆಯಲ್ಲಿ ಸಾಲು ಕಳಿಸುವ ಆಕ್ಷನ್‌ಗೆ ಒಂದು ಕ್ಯೂ ಕೊಟ್ಟು, ಆ ಕ್ಯೂಗೆ ಫೈಲ್ ಹೆಸರು ಕೊಟ್ಟು, ರೀಟ್ರೈ ಸಂಖ್ಯೆ -1 (ಕೈಬಿಡದೆ ಪ್ರಯತ್ನಿಸು) ಎಂದು ಹಾಕಿ. ಆಗ ಸರ್ವರ್ ಮಲಗಿರುವಷ್ಟು ಹೊತ್ತು ಪೈ ಸಾಲುಗಳನ್ನು ಕೂಡಿಟ್ಟುಕೊಂಡು, ಎದ್ದ ಮೇಲೆ ಕಳಿಸುತ್ತದೆ.

ಪೈ ಬಂತೆಂದರೆ ಗಡಿಯಾರದ ತಕರಾರೂ ಬರುತ್ತದೆ. ಒಟ್ಟು ಲಾಗಿನಲ್ಲಿ ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಈ ಎರಡು ಸಾಲು ನೋಡಿ:

2025-05-14 04:52:10 ಬಿಲ್ಲಿಂಗ್: ಪ್ರಿಂಟರ್ ಸಂಪರ್ಕ ತಪ್ಪಿದೆ
2025-05-13 23:22:05 ಕೋಲ್ಡ್: ಕೋಣೆ 2, -11 ಡಿಗ್ರಿ

ಮೇಲ್ನೋಟಕ್ಕೆ ಎರಡನೆಯದು ಹಿಂದಿನ ದಿನದ ರಾತ್ರಿಯದ್ದು. ನಿಜದಲ್ಲಿ ಎರಡರ ಮಧ್ಯೆ ಇರುವುದು ಐದು ಸೆಕೆಂಡ್. ಸರ್ವರ್ ಭಾರತದ ಸಮಯದಲ್ಲಿದೆ, ಪೈ ಯುಟಿಸಿಯಲ್ಲಿದೆ (ಲೋಕಕ್ಕೆಲ್ಲ ಒಂದೇ ಆದ ಮೂಲ ಸಮಯ), ಐದೂವರೆ ಗಂಟೆ ಹಿಂದೆ. ನಿಮ್ಮ ಪೈಯಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಓಡಿಸಿ ನೋಡಿ, ಏಷ್ಯಾ/ಕೋಲ್ಕತ್ತಾ ಎಂದಿರಬೇಕು. ಪೈ 4 ಮತ್ತು ಅದಕ್ಕಿಂತ ಹಳೆಯವಕ್ಕೆ ಇನ್ನೊಂದು ಕೊರತೆ ಇದೆ. ಬ್ಯಾಟರಿಯ ಮೇಲೆ ಓಡುವ ಗಡಿಯಾರ ಅವುಗಳಲ್ಲಿ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಇಂಟರ್ನೆಟ್ ಸಿಕ್ಕಿ ಸಮಯ ಸರಿಯಾಗುವವರೆಗೆ ಅವು ಹಳೆಯ ಸಮಯದಲ್ಲೇ ಬದುಕುತ್ತವೆ. ನಿಮ್ಮ ರೌಟರ್ ಪೈಗಿಂತ ನಿಧಾನಕ್ಕೆ ಏಳುತ್ತದಾದರೆ ಆ ಹೊತ್ತಿನ ಸಾಲುಗಳ ಸಮಯವನ್ನು ನಂಬುವ ಹಾಗಿಲ್ಲ.

ಇದಕ್ಕೆ ಆರ್‌ಸಿಸ್‌ಲಾಗ್‌ನಲ್ಲೇ ಉತ್ತರವಿದೆ. ಪ್ರತಿ ಸಾಲಿಗೂ ಅದರ ಬಳಿ ಎರಡು ಸಮಯ ಇರುತ್ತದೆ. ಟೈಮ್ ರಿಪೋರ್ಟೆಡ್ ಎಂಬುದು ಕಳಿಸಿದವನು ಹೇಳಿದ ಸಮಯ. ಟೈಮ್ ಜನರೇಟೆಡ್ ಎಂಬುದು ಸರ್ವರಿಗೆ ತಲುಪಿದ ಸಮಯ. ಸುಮ್ನೆ ಒಂದನ್ನು ಆರಿಸಬೇಡಿ. ಸಾಲು ಯಾವ ರೂಪದಲ್ಲಿ ಬರಬೇಕೆಂದು ಹೇಳುವ ಟೆಂಪ್ಲೇಟ್‌ನಲ್ಲಿ ಎರಡನ್ನೂ ಬರೆಸಿ, ಟೈಮ್‌ಝೋನ್ ಸಹಿತ ಬರುವ ಆರ್‌ಎಫ್‌ಸಿ 3339 ರೂಪದಲ್ಲಿ. ಪೈಯಿಂದ ಕಳಿಸುವಾಗಲೂ ಹಳೆಯ ಸಿಸ್‌ಲಾಗ್ ರೂಪ ಬೇಡ. ಅದರಲ್ಲಿ ಇಸವಿಯೂ ಇಲ್ಲ, ಟೈಮ್‌ಝೋನೂ ಇಲ್ಲ. ಎರಡು ಸಮಯದ ಮಧ್ಯೆ ದೊಡ್ಡ ಅಂತರ ಕಂಡರೆ ಗಡಿಯಾರ ತಪ್ಪಿದೆ, ಇಲ್ಲವೇ ಸಾಲು ಕ್ಯೂನಲ್ಲಿ ಕಾದು ತಡವಾಗಿ ಬಂದಿದೆ. ಯಾವುದು ಎಂದು ಅಕ್ಕಪಕ್ಕದ ಸಾಲು ನೋಡಿದರೆ ಗೊತ್ತಾಗುತ್ತದೆ: ತಡವಾಗಿ ಬಂದವು ಹಿಂಡಾಗಿ ಒಂದೇ ಕ್ಷಣಕ್ಕೆ ಬಂದಿರುತ್ತವೆ. ಐಎಮ್‌ಫೈಲ್‌ನಿಂದ ಬಂದ ಬಿಲ್ಲಿಂಗ್ ಸಾಲುಗಳಿಗೆ ಮಾತ್ರ ಈ ಎರಡೂ ‘ಓದಿದ ಸಮಯ’ ಆಗಿರುತ್ತದೆ. ಅಲ್ಲಿ ಸಾಲಿನ ಒಳಗೆ ಬಿಲ್ಲಿಂಗೇ ಬರೆದ ಸಮಯವನ್ನು ನಂಬಿ.

ಒಟ್ಟು ಫೈಲನ್ನು ಎಲ್ಲಿ ಇಡಬೇಕು ಎಂಬುದಕ್ಕೂ ಒಂದು ಮಾತು. ಮೂಲ ಲಾಗ್‌ಗಳ ಡೈರೆಕ್ಟರಿಯಲ್ಲಿ ಬೇಡವೇ ಬೇಡ. ನಾಳೆ ನೀವೋ, ನಿಮ್ಮ ನಂತರ ಬಂದವರೋ ‘ಎಲ್ಲ ಲಾಗ್ ಫೈಲ್‌ಗಳನ್ನೂ ಓದು’ ಎಂದು ನಕ್ಷತ್ರ ಚಿಹ್ನೆ ಹಾಕುತ್ತೀರಿ. ಆಗ ಒಟ್ಟು ಫೈಲ್ ತನ್ನನ್ನೇ ಓದಿ ತನಗೇ ಬರೆದುಕೊಳ್ಳುತ್ತದೆ. ಡಿಸ್ಕ್ ತುಂಬುವವರೆಗೆ ನಿಲ್ಲುವುದಿಲ್ಲ. ಬೇರೆ ಡೈರೆಕ್ಟರಿ ಮಾಡಿ. ಅದಕ್ಕೂ ಲಾಗ್‌ರೋಟೇಟ್ ಹಾಕಿ, ರೋಟೇಟ್ ಆದ ಮೇಲೆ ಆರ್‌ಸಿಸ್‌ಲಾಗ್‌ಗೆ ಎಚ್‌ಯುಪಿ ಸಿಗ್ನಲ್ (ಫೈಲ್ ಮುಚ್ಚಿ ಮತ್ತೆ ತೆರೆ ಎಂಬ ಸೂಚನೆ) ಹೋಗಬೇಕು. ಅದಕ್ಕೆ ಬೇಕಾದ ಸಣ್ಣ ಸ್ಕ್ರಿಪ್ಟ್ ಉಬುಂಟುವಿನಲ್ಲಿ ಮೊದಲೇ ಇದೆ, ಸಿಸ್‌ಲಾಗಿನ ರೋಟೇಟ್ ಕಾನ್ಫಿಗ್ ತೆರೆದರೆ ಕಾಣುತ್ತದೆ. ಮೂಲ ಲಾಗ್‌ಗಳನ್ನು ಮಾತ್ರ ಅಳಿಸಬೇಡಿ. ಒಟ್ಟು ಫೈಲ್ ನಕಲು, ಅನುಮಾನ ಬಂದಾಗ ಹೋಗಿ ನೋಡಬೇಕಾದದ್ದು ಮೂಲವನ್ನೇ.

ಬಿಲ್ಲಿಂಗ್ ಲಾಗಿನ ರೋಟೇಟ್ ಕಾನ್ಫಿಗ್‌ನಲ್ಲಿ ಕಾಪಿಟ್ರಂಕೇಟ್ ಎಂಬ ಪದ ಇದೆಯೇ ನೋಡಿ. ಇದ್ದರೆ ಅಲ್ಲಿ ಹೆಸರು ಬದಲಾಗುವುದಿಲ್ಲ. ಫೈಲಿನ ನಕಲು ತೆಗೆದು, ಅದೇ ಫೈಲನ್ನು ಖಾಲಿ ಮಾಡುತ್ತಾರೆ. ನಕಲು ಮುಗಿದು ಖಾಲಿ ಮಾಡುವ ನಡುವಿನ ಚೂರು ಹೊತ್ತಿನಲ್ಲಿ ಬಂದ ಸಾಲು ಹೋಗಿಬಿಡಬಹುದು. ಐಎಮ್‌ಫೈಲ್‌ಗೂ ‘ಫೈಲ್ ಚಿಕ್ಕದಾದರೆ ಮೊದಲಿನಿಂದ ಓದು’ ಎಂದು ರೀಓಪನ್ ಆನ್ ಟ್ರಂಕೇಟ್ ಬೇರೆಯಾಗಿ ಹೇಳಬೇಕು. ಸಾಫ್ಟ್‌ವೇರ್ ಕೊಟ್ಟವರು ಲಾಗ್ ಮತ್ತೆ ತೆರೆಯುವ ಸಿಗ್ನಲ್ ಕೊಟ್ಟಿದ್ದರೆ ಕಾಪಿಟ್ರಂಕೇಟ್ ತೆಗೆದು ಕ್ರಿಯೇಟ್ ಹಾಕುವುದೇ ವಾಸಿ.

ಇಷ್ಟಾದ ಮೇಲೂ ನಿಮ್ಮ ಮೊದಲಿನ ತೊಂದರೆ ಬೇರೆ ರೂಪದಲ್ಲಿ ಬರಬಹುದು: ಫೈಲ್ ತುಂಬುವುದು ನಿಂತಿದೆ, ಆದರೆ ಯಾರಿಗೂ ಗೊತ್ತಿಲ್ಲ. ನಿಮ್ಮ ಕಡೆ ಇದು ಇನ್ನೂ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯ ಮೀನು ಬಂದರೆ ನಾಲ್ಕು ಬಿಲ್, ಇಲ್ಲದಿದ್ದರೆ ಇಲ್ಲ. "ಮೂರು ದಿನದಿಂದ ಬಿಲ್ಲಿಂಗ್ ಸಾಲಿಲ್ಲ" ಎಂದರೆ ವ್ಯಾಪಾರ ಇಲ್ಲ ಎಂದಾ, ಲಾಗ್ ಕೆಟ್ಟಿದೆ ಎಂದಾ? ಹೆಚ್ಚಿನವರು ಹತ್ತು ನಿಮಿಷಕ್ಕೊಮ್ಮೆ "ಇದ್ದೇನೆ" ಎಂಬ ಒಂದು ಸಾಲು ಬರೆಯುವ ಕ್ರಾನ್ ಹಾಕುತ್ತಾರೆ. ಅದರಿಂದ ಆರ್‌ಸಿಸ್‌ಲಾಗ್ ಜೀವಂತ ಇದೆ ಎಂದು ಮಾತ್ರ ತಿಳಿಯುತ್ತದೆ. ಬಿಲ್ಲಿಂಗ್ ಫೈಲಿನ ಮೇಲಿನ ಹಿಡಿತ ತಪ್ಪಿದ್ದರೆ ತಿಳಿಯುವುದಿಲ್ಲ.

ನನಗೆ ಹಿಡಿಸುವುದು ಇನ್ನೂ ನೇರವಾದ ಪರೀಕ್ಷೆ. ಒಂದು ಸಣ್ಣ ಶೆಲ್ ಸ್ಕ್ರಿಪ್ಟ್. ಬಿಲ್ಲಿಂಗ್ ಮೂಲ ಲಾಗಿನ ಕೊನೆಯ ಸಾಲನ್ನು ‘ಟೈಲ್ -ಎನ್ 1’ರಿಂದ ಎತ್ತಿಕೊಳ್ಳುತ್ತದೆ. ಮೂವತ್ತು ಸೆಕೆಂಡ್ ಕಾಯುತ್ತದೆ. ಅದೇ ಸಾಲು ಒಟ್ಟು ಫೈಲಿನಲ್ಲಿ ಇದೆಯಾ ಎಂದು, ಫೈಲಿನಲ್ಲಿ ಹುಡುಕುವ ಕಮಾಂಡ್ ‘ಗ್ರೆಪ್’ಗೆ ದೊಡ್ಡ ಎಫ್ ಕೊಟ್ಟು ಹುಡುಕುತ್ತದೆ. ಇಲ್ಲಿ ಆ ಅಕ್ಷರದ ಅರ್ಥ ‘ಚಿಹ್ನೆಗಳನ್ನು ಇದ್ದ ಹಾಗೇ ಹುಡುಕು’ ಎಂದು. ಸಿಕ್ಕರೆ ಸುಮ್ಮನಿರುತ್ತದೆ, ಸಿಗದಿದ್ದರೆ ನಿಮಗೆ ಮೇಲ್ ಹಾಕುತ್ತದೆ. ವ್ಯಾಪಾರ ಇರಲಿ ಬಿಡಲಿ, ಕೊನೆಯ ಸಾಲು ಮೂರು ದಿನ ಹಳೆಯದೇ ಇರಲಿ, ಪರೀಕ್ಷೆ ಸುಳ್ಳು ಹೇಳುವುದಿಲ್ಲ. ಮೂಲ ಲಾಗ್ ಖಾಲಿ ಇದ್ದರೆ ಬಿಟ್ಟುಬಿಡಬೇಕು, ಒಟ್ಟು ಫೈಲ್ ರೋಟೇಟ್ ಆಗಿದ್ದರೆ .1ರಲ್ಲೂ ಅದಕ್ಕಿಂತ ಹಳೆಯವುಗಳಲ್ಲೂ ಹುಡುಕಬೇಕು. ಈ ಎರಡು ಷರತ್ತು ಸೇರಿಸಿ. ಗಂಟೆಗೊಮ್ಮೆ ಕ್ರಾನ್‌ನಲ್ಲಿ ಓಡಿಸಿದರೆ ಸಾಕು. ಪೈಯದ್ದು ಇಷ್ಟು ಬೇಕಿಲ್ಲ. ಅದು ಹೇಗೂ ನಿಮಿಷಕ್ಕೊಮ್ಮೆ ಉಷ್ಣತೆ ಕಳಿಸುವುದಾದರೆ, ಹದಿನೈದು ನಿಮಿಷ ಸದ್ದಿಲ್ಲದಿದ್ದರೆ ಏನೋ ಆಗಿದೆ ಎಂದೇ ಅರ್ಥ.

ಒಂದು ವೇಳೆ ಬಿಲ್ಲಿಂಗ್ ಕೂಡ ಸಿಸ್ಟಂಡಿ (ಉಬುಂಟುವಿನಲ್ಲಿ ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ) ಸರ್ವಿಸ್ ಆಗಿ ಓಡುತ್ತಿದ್ದು ತನ್ನ ಮಾತನ್ನು ಸ್ಕ್ರೀನಿಗೇ ಬರೆಯುವಂತಿದ್ದರೆ, ಬಿಲ್ಲಿಂಗ್ ಮತ್ತು ಬ್ಯಾಕಪ್‌ಗೆ ಒಟ್ಟು ಫೈಲ್ ಬೇಕಾಗಿಯೇ ಇರಲಿಲ್ಲ. ಸರ್ವಿಸ್‌ಗಳ ಲಾಗ್ ತೋರಿಸುವ ‘ಜರ್ನಲ್‌ಸಿಟಿಎಲ್’ಗೆ ಎರಡು ‘-ಯು’ ಕೊಟ್ಟು ಎರಡು ಸರ್ವಿಸಿನ ಹೆಸರು ಹೇಳಿದರೆ ಸಮಯದ ಕ್ರಮದಲ್ಲಿ ಹೆಣೆದು ತೋರಿಸುತ್ತದೆ. ನಿಮ್ಮ ಬ್ಯಾಕಪ್ ಸ್ಕ್ರಿಪ್ಟನ್ನಾದರೂ ಹಾಗೆ ಮಾಡಬಹುದು. ಆದರೆ ಕೊಂಡು ತಂದ ಬಿಲ್ಲಿಂಗ್ ಸಾಫ್ಟ್‌ವೇರ್ ನಿಮ್ಮ ಮಾತು ಕೇಳಬೇಕಲ್ಲ.

ಆರ್‌ಸಿಸ್‌ಲಾಗ್ ಏರ್ಪಾಡು ಮಾಡುವವರೆಗೆ ಟೈಲ್‌ನಲ್ಲೇ ಕೆಲಸ ಸಾಗಿಸಬೇಕಾದರೆ ಹೀಗೆ ಮಾಡಿ. ಪ್ರತಿ ಲಾಗಿಗೂ ಒಂದೊಂದು ಟೈಲ್, ದೊಡ್ಡ ಎಫ್ ಹಾಕಿ. ಮುಂದೆ ಹೆಸರು ಅಂಟಿಸಲು ಅದನ್ನು ಸಾಲು ತಿದ್ದುವ ಕಮಾಂಡ್ ‘ಸೆಡ್ -ಯು’ಗೆ ಪೈಪ್ ಮಾಡಿ, >> ಇಂದ ಒಟ್ಟು ಫೈಲಿಗೆ. ಆ ‘-ಯು’ ಬಿಡಬೇಡಿ. ಇಲ್ಲದಿದ್ದರೆ ಸೆಡ್ ಸಾಮಾನ್ಯವಾಗಿ 4096 ಬೈಟ್ ತುಂಬುವವರೆಗೆ ಸಾಲುಗಳನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ರಾತ್ರಿ ಹೊತ್ತು ಅಷ್ಟು ತುಂಬುವುದಕ್ಕೆ ಗಂಟೆಗಟ್ಟಲೆ ಬೇಕು. ಆಗ ಕರೆಂಟ್ ಹೋದರೆ ಅವಷ್ಟೂ ಹೋದ ಹಾಗೇ.

ಕೊನೆಗೆ ಧಣಿಗಳ ವಿಂಡೋಸ್ ಕಂಪ್ಯೂಟರ್. ಅವರಿಗೂ ನೋಡಬೇಕೆಂದಿದ್ದರೆ ಒಟ್ಟು ಫೈಲಿನ ಡೈರೆಕ್ಟರಿಯನ್ನು ಸಾಂಬಾದಲ್ಲಿ (ವಿಂಡೋಸಿಗೆ ಫೈಲ್ ಹಂಚುವ ಸಾಫ್ಟ್‌ವೇರ್) ಓದುವುದಕ್ಕೆ ಮಾತ್ರ ಹಂಚಿ, ಬರೆಯುವ ಅನುಮತಿ ಬೇಡ. ಬಿಲ್ಲಿಂಗ್ ಸಾಲುಗಳಲ್ಲಿ ಗಿರಾಕಿಗಳ ಫೋನ್ ನಂಬರ್ ಇದ್ದರೆ ಪಾಸ್‌ವರ್ಡ್ ಇಲ್ಲದೆ ಹಂಚಬೇಡಿ ಮಾರಾಯ್ರೆ, ಆಫೀಸಿನ ವೈಫೈ ಎಷ್ಟು ಜನರ ಮೊಬೈಲಿನಲ್ಲಿದೆ ಎಂದು ನಿಮಗೇ ಗೊತ್ತು. ಅವರದ್ದು 2018ಕ್ಕಿಂತ ಹಳೆಯ ವಿಂಡೋಸ್ ಆದರೆ ನೋಟ್‌ಪ್ಯಾಡ್‌ನಲ್ಲಿ ಸಾಲೆಲ್ಲ ಒಂದಕ್ಕೊಂದು ಅಂಟಿಕೊಂಡು ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ವರ್ಡ್‌ಪ್ಯಾಡ್‌ನಲ್ಲಿ ತೆರೆಯಲು ಹೇಳಿ.